ದೀಪಯಾತ್ರೆಯ ಯಜಮಾನರು

ನ್ಯೂಜೆರ್ಸಿಯ ಎಡಿಸನ್, ಐಸೆಲಿನ್ ಕಡೆ ನಾಲ್ಕು ಕನ್ನಡದ ಮನೆಗಳಿದ್ದರೆ ಅವುಗಳಲ್ಲಿ ಒಂದು ಮನೆಯ ಯಜಮಾನರು ಖಂಡಿತ ದೀಪಯಾತ್ರೆಯವರು. ಗುರುತು ಹಿಡಿಯುವುದು ಸುಲಭ. ವರ್ಷದ ಹನ್ನೊಂದು ತಿಂಗಳು ಅವರು ದೀಪ ಆರಿಸುವವರು. ಮಗಳು ಬಚ್ಚಲಮನೆಯಿಂದ ಒಂದು ಕಾಲು ಆಚೆ ಇಡುವಷ್ಟರಲ್ಲಿ ಸ್ವಿಚ್ಚಿನ ಮೇಲೆ ಅವರ ಬೆರಳು ಇರುತ್ತದೆ. ಮಗ ಹೋಮ್‌ವರ್ಕಿಗೆ ಕೂತರೆ "ಕಿಟಕಿ ಹತ್ರ ಕೂತ್ಕೋ, ಇನ್ನೂ ಬೆಳಕಿದೆ" ಎನ್ನುತ್ತಾರೆ. ಹೆಂಡತಿ ಅಡುಗೆಮನೆಯ ದೀಪವನ್ನು ಮರೆತು ಮಹಡಿ ಹತ್ತಿದರೆ, ಕೆಳಗಿನಿಂದ "ಇಲ್ಲಿ ಯಾರಿಗೋಸ್ಕರ ಉರೀತಿದೆ ಇದು?" ಎಂಬ ಪ್ರಶ್ನೆ ಮೆಟ್ಟಿಲು ಹತ್ತಿ ಬರುತ್ತದೆ.

ಹನ್ನೆರಡನೆಯ ತಿಂಗಳಲ್ಲಿ ಈ ಮನುಷ್ಯನಿಗೆ ದೀಪದ ಹುಚ್ಚು ಹಿಡಿಯುತ್ತದೆ. ಎಲ್ಲಿ ಎಷ್ಟು ಬಲ್ಬು, ಯಾವ ಬೀದಿಯಲ್ಲಿ ಎಂಥ ಬಣ್ಣ, ಎಷ್ಟು ಗಂಟೆಗೆ ಹತ್ತುತ್ತದೆ, ಎಷ್ಟಕ್ಕೆ ಆರುತ್ತದೆ, ಎಲ್ಲ ನಾಲಿಗೆಯ ತುದಿಯಲ್ಲಿ. ಷರತ್ತು ಒಂದೇ: ಉರಿಯುವ ದೀಪ ತಮ್ಮದಾಗಿರಬಾರದು, ಬಿಲ್ಲು ಕಂಡವರದಾಗಿರಬೇಕು.

ಕ್ರಿಸ್‌ಮಸ್ ನಮ್ಮ ಹಬ್ಬವಲ್ಲವಲ್ಲ ಎಂಬ ಸಂಕೋಚ ಅವರಿಗಿಲ್ಲ. ಯಾರಾದರೂ ಕೇಳಿದರೆ "ದೀಪಕ್ಕೆ ಯಾವ ಮತ ಸ್ವಾಮಿ?" ಎಂದು ಉದಾರವಾಗಿ ಹೇಳುತ್ತಾರೆ. ಆದರೆ ಈ ಸರ್ವಮತ ಸಮನ್ವಯ ಟಿಕೆಟ್ ಕೌಂಟರಿನ ಮುಂದೆ ನಿಲ್ಲುತ್ತದೆ. ಬ್ರೂಕ್ಲಿನ್ ಬೊಟಾನಿಕ್ ಗಾರ್ಡನ್ನಿನಲ್ಲಿ 2021ರಿಂದ ಚಳಿಗಾಲದ ರಾತ್ರಿಗಳಲ್ಲಿ ಲೈಟ್‌ಸ್ಕೇಪ್ ಎಂಬ ದೀಪಪ್ರದರ್ಶನ ನಡೆಯುತ್ತದೆ. ತುಂಬ ಚೆನ್ನಾಗಿದೆಯಂತೆ, ಹೋಗೋಣವೇ ಎಂದು ಹೆಂಡತಿ ಕೇಳಿದ್ದುಂಟು. "ದುಡ್ಡು ಕೊಟ್ಟು ದೀಪ ನೋಡೋದಾ?" ಎಂದು ಅವರು ಬೆಚ್ಚಿಬಿದ್ದ ರೀತಿ ಕಂಡು ಆಕೆ ಆ ಮಾತು ಅಲ್ಲಿಗೇ ಬಿಟ್ಟರು.

ಹಾಗೆಂದು ಅವರ ಮನೆಗೆ ದೀಪವೇ ಇಲ್ಲ ಎನ್ನುವಂತಿಲ್ಲ. ದೀಪಾವಳಿಗೆ ಮುಂಬಾಗಿಲಿನ ಮೇಲೆ ಒಂದು ಸರ ಕಟ್ಟುತ್ತಾರೆ. ಹಬ್ಬ ಮುಗಿದ ಮೇಲೆ ಬಿಚ್ಚುವುದಿಲ್ಲ. ನವೆಂಬರ್ ಕೊನೆಗೆ ಪಕ್ಕದ ಮನೆಯ ಅಮೆರಿಕನ್ ಅಜ್ಜಿ "ಎಷ್ಟು ಬೇಗ ಕ್ರಿಸ್‌ಮಸ್ ಅಲಂಕಾರ ಮುಗಿಸಿಬಿಟ್ಟಿರಿ!" ಎಂದು ಹೊಗಳಿದರೆ, ತಲೆ ಬಾಗಿಸಿ ಥ್ಯಾಂಕ್ಯೂ ಹೇಳಿ ಒಳಗೆ ಬರುತ್ತಾರೆ. ಒಂದೇ ಸರ, ಎರಡು ಹಬ್ಬ. ಅದಕ್ಕೊಂದು ಟೈಮರ್ ಕೂಡ ಇದೆ. ಸಂಜೆ ಆರಕ್ಕೆ ಹತ್ತುತ್ತದೆ, ಎಂಟಕ್ಕೆ ಟಪ್ಪೆಂದು ಆರುತ್ತದೆ. ಎಂಟೂ ಐದಕ್ಕೆ ಊಟಕ್ಕೆ ಬರುವ ನೆಂಟರು ಮನೆ ಸಿಗದೆ ಫೋನ್ ಮಾಡಬೇಕು.

ಯಾತ್ರೆಯ ತಯಾರಿ ಥ್ಯಾಂಕ್ಸ್‌ಗಿವಿಂಗ್ ಮುಗಿದ ಕೂಡಲೇ ಶುರು. ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರಿನ ಮರಕ್ಕೆ ದೀಪ ಹತ್ತಿಸುವುದು ಸಾಮಾನ್ಯವಾಗಿ ಅದರ ಮುಂದಿನ ಬುಧವಾರ. ಆ ರಾತ್ರಿ ನಮ್ಮ ಯಜಮಾನರು ಹೋಗುವುದಿಲ್ಲ. "ಇವತ್ತು ಹೋಗೋರು ಹೊಸಬರು" ಎಂದು ಸೋಫಾದ ಮೇಲೆ ಕಾಲು ಚಾಚಿ, ಚಳಿಯಲ್ಲಿ ನಿಂತವರನ್ನು ಟೀವಿಯಲ್ಲಿ ನೋಡಿ ಮರುಕಪಡುತ್ತಾರೆ. ಆಮೇಲೆ ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಹಾಳೆ ಬಿಡಿಸುತ್ತಾರೆ. ಜಾಗ, ಹೊತ್ತು, ನಡಿಗೆಯ ದೂರ, ಶೌಚಾಲಯ ಎಂದು ಕಾಲಂಗಳಿರುತ್ತವೆ. ಕೊನೆಯ ಕಾಲಂ 'ಖರ್ಚು'. ಅದರಲ್ಲಿ ಸೊನ್ನೆಗಿಂತ ದೊಡ್ಡ ಅಂಕಿ ಬಂದರೆ ಆ ಸಾಲು ತಾನಾಗಿಯೇ ಕೆಂಪಾಗುವಂತೆ ಮಾಡಿಟ್ಟಿದ್ದಾರೆ.

ಮೊದಲನೆಯ ಕೆಂಪು ಸಾಲು ಕಾರಿನದು. ಸುರಂಗದ ಟೋಲು ಒಂದು ಕಡೆ, ಪಾರ್ಕಿಂಗ್ ಇನ್ನೊಂದು ಕಡೆ. ಸಾಲದ್ದಕ್ಕೆ 2025ರ ಜನವರಿ 5ರಿಂದ ಮ್ಯಾನ್‌ಹಟನ್ನಿನ 60ನೇ ಬೀದಿಯಿಂದ ಕೆಳಕ್ಕೆ ಕಾರು ಇಳಿಸಿದರೆ ಹಗಲು ಹೊತ್ತು 9 ಡಾಲರ್ ದಟ್ಟಣೆ ಶುಲ್ಕ. ಆದ್ದರಿಂದ ರೈಲು. ರೈಲಿನಲ್ಲೂ ಶನಿವಾರವೋ ಭಾನುವಾರವೋ ಆಗಬೇಕು. ವಾರದ ಕೊನೆಯಲ್ಲಿ ಟಿಕೆಟ್ ಕೊಂಡ ದೊಡ್ಡವರೊಬ್ಬರ ಜೊತೆ ಹನ್ನೊಂದು ವರ್ಷದವರೆಗಿನ ಇಬ್ಬರು ಮಕ್ಕಳಿಗೆ ಪುಕ್ಕಟೆ. ಮಗನಿಗೆ ಈಗ ಹತ್ತು. ಹುಡುಗ ಎತ್ತರ ಬೆಳೆಯುತ್ತಿರುವುದನ್ನು ತಾಯಿ ಹೆಮ್ಮೆಯಿಂದ ನೋಡಿದರೆ, ತಂದೆ ಸ್ವಲ್ಪ ಆತಂಕದಿಂದ ನೋಡುತ್ತಾರೆ.

ಇಂಥ ಯಾತ್ರೆಗೆ ಊರಿನಿಂದ ಬಂದ ಹಿರಿಯರೊಬ್ಬರು ಬೇಕೇ ಬೇಕು. ಅವರಿಲ್ಲದಿದ್ದರೆ ತೋರಿಸುವುದು ಯಾರಿಗೆ? ನಮ್ಮ ಯಜಮಾನರಿಗೆ ಒದಗಿದವರು ಮಾವನವರು, ಮೈಸೂರಿನ ಕುವೆಂಪುನಗರದವರು, ಕೆಇಬಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಅಮೆರಿಕಕ್ಕೆ ಬಂದು ಮಾಲು, ಕಾಸ್ಟ್‌ಕೋ, ಬ್ರಿಡ್ಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನ ಮೂರನ್ನೂ ನೋಡಿ ಮುಗಿಸಿ, ಈಗ ಕಿಟಕಿಯ ಪಕ್ಕ ಕೂತು ಬೀದಿಯ ಟ್ರಾನ್ಸ್‌ಫಾರ್ಮರ್ ನೋಡುತ್ತಿದ್ದಾರೆ. ದೀಪ ನೋಡಲು ಹೋಗೋಣವೇ ಎಂದಾಗ ಅವರು ಕೇಳಿದ್ದು ಒಂದೇ: "ಸಿಂಗಲ್ ಫೇಸೋ, ತ್ರೀ ಫೇಸೋ?"

ಹೊರಡುವ ದಿನ ಮನೆಯೊಡತಿ ಬೆಳಗ್ಗೆಯಿಂದ ಪುಳಿಯೋಗರೆ ಕಲಸುತ್ತಾರೆ, ಚಪಾತಿಗೆ ಪಲ್ಯ ಸುತ್ತುತ್ತಾರೆ, ಫ್ಲಾಸ್ಕಿಗೆ ಕಾಫಿ ತುಂಬುತ್ತಾರೆ. ಮಕ್ಕಳಿಗೆ ಒಳಗೊಂದು ಥರ್ಮಲ್, ಮೇಲೊಂದು ಸ್ವೆಟರ್, ಅದರ ಮೇಲೊಂದು ಜಾಕೆಟ್. ಅಷ್ಟನ್ನೂ ತೊಡಿಸಿದ ಮೇಲೆ ಕೈ ಕೆಳಗಿಳಿಯದ ಚಿಕ್ಕವಳು "ಅಮ್ಮಾ, ಬಾತ್‌ರೂಮ್" ಎನ್ನುತ್ತಾಳೆ. ಎಲ್ಲ ಬಿಚ್ಚಿ ಮತ್ತೆ ತೊಡಿಸಿ ಬರುವಷ್ಟರಲ್ಲಿ ಯಜಮಾನರು ಗಡಿಯಾರ ನೋಡಿ, ಹಾಳೆಯಲ್ಲಿ ಒಂದು ಸಾಲು ತಿದ್ದುತ್ತಾರೆ. "ರೀ, ನೀವು ಹೊರಟಿರೋದು ಮಕ್ಕಳಿಗೆ ದೀಪ ತೋರ್ಸೋಕೋ, ಆಡಿಟ್ ಮಾಡೋಕೋ?" ಎಂಬ ಹೆಂಡತಿಯ ಪ್ರಶ್ನೆಗೆ ಕಾಲಂ ಇಲ್ಲ.

ತಲೆಗೆ ಎಲ್ಲರಿಗೂ ಒಂದೇ ಬಗೆಯ ಹಳದಿ ಟೋಪಿ. ಯಾವುದೋ ಕಾನ್ಫರೆನ್ಸಿನಲ್ಲಿ ಬಿಟ್ಟಿ ಸಿಕ್ಕವು. ಜನಜಂಗುಳಿಯಲ್ಲಿ ಯಾರೂ ಕಳೆದುಹೋಗಬಾರದು ಎಂಬುದು ಯಜಮಾನರ ಉಪಾಯ. ಮಾವನವರು ಮಾತ್ರ ಮೈಸೂರಿನಿಂದ ತಂದ ಕಂದು ಮಂಕಿ ಕ್ಯಾಪಿನ ಮೇಲೆ ಈ ಹಳದಿ ಟೋಪಿ ಹಾಕಿಕೊಳ್ಳುತ್ತಾರೆ. ಅವರು ಕಳೆದುಹೋಗುವ ಸಂಭವವೇ ಇಲ್ಲ.

ಮೊದಲ ಉಪನ್ಯಾಸ ಮೆಟ್ರೋಪಾರ್ಕ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ. ಯಜಮಾನರು ಕೈಗವಸು ತೆಗೆದು ತೋರುಬೆರಳೆತ್ತುತ್ತಾರೆ. "ನೋಡಿ ಮಾವ, ಇಲ್ಲೇ ಹತ್ತಿರ ಮೆನ್ಲೋ ಪಾರ್ಕ್. ಎಡಿಸನ್ ಬಲ್ಬು ಹತ್ತಿಸಿ ಊರಿಗೆಲ್ಲ ತೋರಿಸಿದ್ದು ಅಲ್ಲೇ. 1879ರ ಡಿಸೆಂಬರ್ 31ರ ರಾತ್ರಿ. ಆ ದೀಪ ನೋಡೋದಕ್ಕೆ ನ್ಯೂಯಾರ್ಕಿನಿಂದ ಜನ ಬರ್ತಾರೆ ಅಂತ ರೈಲ್ವೆಯವರು ಹೆಚ್ಚಿಗೆ ರೈಲು ಬಿಟ್ಟಿದ್ರು. ಆಗ ಈ ಊರಿಗೆ ಎಡಿಸನ್ ಅಂತ ಹೆಸರಿರಲಿಲ್ಲ, ರಾರಿಟನ್ ಟೌನ್‌ಶಿಪ್. 1954ರಲ್ಲಿ ಹೆಸರು ಬದಲಾಯ್ಸಿದ್ರು."

ಯೋಚಿಸಿದರೆ ಇದು ಸಣ್ಣ ಸಂಗತಿಯಲ್ಲ. ಆಗ ನ್ಯೂಯಾರ್ಕಿನವರು ರೈಲು ಹತ್ತಿ ಈ ಊರಿಗೆ ದೀಪ ನೋಡಲು ಬಂದರು. ಈಗ ಈ ಊರಿನವರು ಅದೇ ಹಳಿಯ ಮೇಲೆ ನ್ಯೂಯಾರ್ಕಿಗೆ ದೀಪ ನೋಡಲು ಹೋಗುತ್ತಾರೆ. ಮಗನಿಗೆ ಇದರಿಂದ ಯಾವ ಪುಳಕವೂ ಇಲ್ಲ. "ಅಪ್ಪಾ, ಲಾಸ್ಟ್ ಇಯರ್ ಕೂಡ ಇದೇ ಹೇಳಿದ್ದೆ."

"ಈ ಸಲ ತಾತಂಗೆ ಹೇಳ್ತಿದೀನಿ" ಎಂದು ಯಜಮಾನರು ಮುಂದುವರಿಸುತ್ತಾರೆ. ಕ್ರಿಸ್‌ಮಸ್ ಮರಕ್ಕೆ ಮೊಟ್ಟಮೊದಲು ವಿದ್ಯುದ್ದೀಪ ಕಟ್ಟಿದ್ದೂ ಎಡಿಸನ್ನನ ಕಡೆಯವನೇ. ಎಡ್ವರ್ಡ್ ಜಾನ್ಸನ್ ಎಂದು ಹೆಸರು, ಎಡಿಸನ್ ಕಂಪನಿಯ ಉಪಾಧ್ಯಕ್ಷ. 1882ರ ಡಿಸೆಂಬರಿನಲ್ಲಿ ತನ್ನ ನ್ಯೂಯಾರ್ಕಿನ ಮನೆಯಲ್ಲಿ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬು ಸುತ್ತಿ, ಮರವನ್ನೇ ಗಿರಗಿರ ತಿರುಗಿಸಿ ಪತ್ರಕರ್ತನಿಗೆ ತೋರಿಸಿದ. ಎಂಬತ್ತೂ ಕಂಪನಿಯವೇ ಇರಬೇಕು, ಕೈಯಿಂದ ಕಾಸು ಬಿಚ್ಚಿರಲಾರ ಎಂಬುದು ಯಜಮಾನರು ತಮ್ಮ ಕಡೆಯಿಂದ ಸೇರಿಸುವ ಟಿಪ್ಪಣಿ.

ಮಾವನವರು ಸುಮ್ಮನಿರುವವರಲ್ಲ. "ನಮ್ಮಲ್ಲಿ 1902ಕ್ಕೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿತ್ತು. 1905ರ ಆಗಸ್ಟ್ 5ಕ್ಕೆ ಬೆಂಗಳೂರಲ್ಲಿ ಬೀದಿದೀಪ. ಇವರದೇನು ಮಹಾ!" ಎನ್ನುತ್ತಾರೆ. ಶಿವನಸಮುದ್ರದ ಜನರೇಟರುಗಳು ಹಡಗೇರಿ ಬಂದದ್ದು ಇದೇ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಆ ಕಂಪನಿ 1892ರಲ್ಲಿ ಹುಟ್ಟಿದ್ದೇ ಎಡಿಸನ್ನನ ಕಂಪನಿಯೂ ಸೇರಿಕೊಂಡು. ಕೆಇಬಿಯಲ್ಲಿ ಕೂದಲು ನರೆಸಿದವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಆದರೆ ಅಳಿಯನಿಗೆ ಎಷ್ಟು ಹೇಳಬೇಕೋ ಅಷ್ಟನ್ನೇ ಹೇಳಬೇಕು.

ರೈಲಿನಲ್ಲಿ ಪುಳಿಯೋಗರೆ ಮುಗಿಯುತ್ತದೆ. ಪೆನ್ ಸ್ಟೇಷನ್ನಿನಲ್ಲಿ ಇಳಿದು ಮೇಲೆ ಬಂದರೆ ಒಂದು ಬ್ಲಾಕಿನಾಚೆ ಮೇಸೀಸ್. ಹಬ್ಬಕ್ಕೆ ಕಿಟಕಿಗಳಲ್ಲಿ ಬೊಂಬೆ ಕೂರಿಸುವ ಸಂಪ್ರದಾಯವನ್ನು ಈ ಅಂಗಡಿಯವರು 1874ರಿಂದ ನಡೆಸಿಕೊಂಡು ಬಂದಿದ್ದಾರೆ. ಬೊಂಬೆ ಎಂದ ಕೂಡಲೇ ಮೈಸೂರಿನವರಿಗೆ ದಸರಾ ನೆನಪಾಗದೆ ಇರದು. "ನಮ್ಮನೆ ಬೊಂಬೆ ಅಲ್ಲಾಡ್ತಿರಲಿಲ್ಲ, ಇವು ಅಲ್ಲಾಡ್ತವೆ, ಅಷ್ಟೇ" ಎಂದು ಮಾವನವರು ತೀರ್ಪು ಕೊಡುತ್ತಾರೆ. ಯಜಮಾನರು ಕಿಟಕಿಗೆ ಎರಡು ನಿಮಿಷದಂತೆ ಹಂಚಿ, ಬೆನ್ನು ತಟ್ಟಿ ಮುಂದೆ ಸಾಗಿಸುತ್ತಾರೆ. ಅಂಗಡಿಯೊಳಗೆ ಹೋಗಲು ಮಾತ್ರ ಅವರಿಗೆ ಭಯ. ಕೊನೆಗೆ ಚಳಿ ತಾಳದೆ ಒಳಹೊಕ್ಕರೆ ಅಲ್ಲಿನ ಹಳೆಯ ಮರದ ಎಸ್ಕಲೇಟರು ಚಿಕ್ಕವಳ ಮನಸ್ಸು ಕದಿಯುತ್ತದೆ. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಸಾಂಟಾ ಜೊತೆ ಫೋಟೋ ತೆಗೆಸಿಕೊಂಡರೆ ದುಡ್ಡು, ಎಸ್ಕಲೇಟರಿಗೆ ಇಲ್ಲ. ಅದಕ್ಕೆ ಹಾಳೆಯಲ್ಲಿ ಹದಿನೈದು ನಿಮಿಷ ಹೆಚ್ಚಿಗೆ ಮಂಜೂರಾಗುತ್ತದೆ.

ಹೊರಗೆ ಬಂದು ತಲೆಯೆತ್ತಿದರೆ ಎಂಪೈರ್ ಸ್ಟೇಟ್ ಕಟ್ಟಡದ ತುದಿ ಕೆಂಪು-ಹಸಿರು. ಇದೇ ತುದಿ ದೀಪಾವಳಿಗೆ ಕಿತ್ತಳೆ ಬಣ್ಣ ತಾಳುತ್ತದೆ. ಯಜಮಾನರಿಗೆ ಈ ಕಟ್ಟಡದ ಮೇಲೆ ವಿಶೇಷ ಪ್ರೀತಿ. ಒಂದೇ ಕಟ್ಟಡ, ಎರಡು ಹಬ್ಬ. ತಮ್ಮ ಮುಂಬಾಗಿಲಿನ ನೀತಿಯನ್ನೇ ನ್ಯೂಯಾರ್ಕು ಒಪ್ಪಿಕೊಂಡಿದೆಯಲ್ಲ ಎಂಬ ಸಮಾಧಾನ.

ಇಲ್ಲಿಂದ 49ನೇ ಬೀದಿಯವರೆಗೆ ನಡಿಗೆ. ಸಬ್‌ವೇ ಹಿಡಿಯಬಹುದಲ್ಲ ಎಂದರೆ "ಮಧ್ಯದ ದೀಪಗಳೆಲ್ಲ ತಪ್ಪಿಹೋಗ್ತವೆ" ಎಂದು ಕಾರಣ ಕೊಡುತ್ತಾರೆ. ಕಾರಣದೊಳಗಿನ ಕಾರಣ ಎಲ್ಲರಿಗೂ ಗೊತ್ತು. 42ನೇ ಬೀದಿಯ ಹತ್ತಿರ ಸಾರ್ವಜನಿಕ ಗ್ರಂಥಾಲಯದ ಮುಂದೆ ಕೂತ ಎರಡು ಕಲ್ಲಿನ ಸಿಂಹಗಳ ಕೊರಳಿಗೆ ಈ ತಿಂಗಳು ಹಸಿರು ಹಾರ ಬಿದ್ದಿರುತ್ತದೆ. ಒಂದರ ಹೆಸರು ತಾಳ್ಮೆ, ಇನ್ನೊಂದರದು ಸ್ಥೈರ್ಯ. 1930ರ ದಶಕದಲ್ಲಿ ಮೇಯರ್ ಲಾ ಗಾರ್ಡಿಯಾ ಇಟ್ಟ ಹೆಸರುಗಳು. ಮನೆಯೊಡತಿ ಪ್ರತಿ ವರ್ಷ ಎರಡರ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿಯವರೆಗೆ ನಡೆದು ಬಂದದ್ದಕ್ಕೆ ಎರಡೂ ಬೇಕಾಗಿತ್ತು.

ಗ್ರಂಥಾಲಯದ ಬೆನ್ನಿಗೆ ಬ್ರಯಂಟ್ ಪಾರ್ಕ್. ಮ್ಯಾನ್‌ಹಟನ್ನಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಓಡಾಡಿದವರಿಗೆ ಇದು ದೊಡ್ಡ ಕ್ಷೇತ್ರ. ಮುಗಿಲು ಮುಟ್ಟುವ ಕಟ್ಟಡಗಳ ಈ ಊರಿನಲ್ಲಿ ಮಕ್ಕಳನ್ನು ಎರಡು ನಿಮಿಷ ಕರೆದೊಯ್ಯಲು ಸಾರ್ವಜನಿಕ ಶೌಚಾಲಯ ಹುಡುಕಿ ಸಾಕಾಗುತ್ತದೆ. ಬ್ರಯಂಟ್ ಪಾರ್ಕಿನದು ಪುಕ್ಕಟೆ, ಚೊಕ್ಕಟ. ಒಳಗೆ ತಾಜಾ ಹೂಗುಚ್ಛವಿದೆ, ಮೆಲ್ಲನೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಯುತ್ತದೆ. ಸಾಲು ಮಾತ್ರ ಉದ್ದ. ಹೊರಬಂದ ಮಾವನವರು ಕೈ ಒರೆಸಿಕೊಳ್ಳುತ್ತಾ "ಅಮೆರಿಕದಲ್ಲಿ ನೋಡಿದ್ರಲ್ಲಿ ಇದೇ ಚೆನ್ನಾಗಿರೋದು" ಎಂದು ಮನಸಾರೆ ಹೇಳುತ್ತಾರೆ. ಯಜಮಾನರು ಮಗಳನ್ನು ಕೇಳುತ್ತಾರೆ, "ನಿಂಗೆ ಬೇಕಾ?" "ಬೇಡ." "ಖಂಡಿತಾ?" "ಬೇಡಪ್ಪಾ." ಈ ಸಂಭಾಷಣೆ ಮುಂದೆ ಕೆಲಸಕ್ಕೆ ಬರುತ್ತದೆ.

ಐದನೇ ಅವೆನ್ಯೂ ಸೇರಿದ ಮೇಲೆ ನಡೆಯುವ ಶ್ರಮವಿಲ್ಲ, ಜನವೇ ತಳ್ಳಿಕೊಂಡು ಹೋಗುತ್ತದೆ. ಪೊಲೀಸರು ಕಬ್ಬಿಣದ ಬೇಲಿ ಇಟ್ಟು, ನಿಲ್ಲಬೇಡಿ ನಡೀರಿ ಎಂದು ಇಂಗ್ಲಿಷಿನಲ್ಲಿ ಕೂಗುತ್ತಿರುತ್ತಾರೆ. ಮಾವನವರ ಕಿವಿಗೆ ಅದು ತಿರುಪತಿಯ "ಜರುಗಂಡಿ, ಜರುಗಂಡಿ" ಎಂದೇ ಕೇಳಿಸಿ, ಕೈಗಳು ತಾವಾಗಿಯೇ ಎದೆಯ ಹತ್ತಿರ ಜೋಡಿಸಿಕೊಳ್ಳುತ್ತವೆ. ತಂತಿಯಲ್ಲಿ ಹೆಣೆದ ಹನ್ನೆರಡು ದೇವದೂತರು ಕಹಳೆ ಹಿಡಿದು ಎರಡು ಕಡೆ ನಿಂತಿರುವ ಕಿರುದಾರಿಯನ್ನು ದಾಟಿದರೆ, ಎದುರಿಗೆ ಮರ.

ಯಜಮಾನರು ಗಂಟಲು ಸರಿಮಾಡಿಕೊಳ್ಳುತ್ತಾರೆ. "ನಾರ್ವೆ ಸ್ಪ್ರೂಸ್. ಪ್ರತಿ ವರ್ಷ ಎಪ್ಪತ್ತರಿಂದ ನೂರು ಅಡಿ ಒಳಗೆ. 50,000ಕ್ಕೂ ಮೇಲೆ ಎಲ್‌ಇಡಿ. ಎಂಟು ಕಿಲೋಮೀಟರ್ ವೈರು. ಮೇಲಿನ ನಕ್ಷತ್ರಕ್ಕೆ 70 ಮೊನೆ, 30 ಲಕ್ಷ ಹರಳು, 900 ಪೌಂಡ್ ತೂಕ."

"ನಾಲ್ಕು ಕ್ವಿಂಟಲ್ ಆಯ್ತು" ಎನ್ನುತ್ತಾರೆ ಮಾವನವರು. "ಮರ ತಡ್ಕೊಳ್ಳುತ್ತಾ?"

"ತಡ್ಕೊಂಡಿದೆಯಲ್ಲ ಮಾವ."

"ನಮ್ಮ ಮೈಸೂರು ಅರಮನೆಗೆ ಲಕ್ಷದ ಹತ್ತಿರ ಬಲ್ಬು. ಇದು ಅರ್ಧ."

"ಅದು ಅರಮನೆ ಮಾವ, ಇದು ಮರ."

"ಅದನ್ನೇ ನಾನೂ ಹೇಳಿದ್ದು. ಮರಕ್ಕೆ ಇಷ್ಟೊಂದು ಕರೆಂಟಾ?"

ಯಜಮಾನರು ಕಾಯುತ್ತಿದ್ದದ್ದು ಈ ಪ್ರಶ್ನೆಗೇ. 2007ರಲ್ಲಿ ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿದಾಗ, ದಿನಕ್ಕೆ 3,510 ಯೂನಿಟ್ ಎಳೆಯುತ್ತಿದ್ದ ಮರ 1,297 ಯೂನಿಟ್ಟಿಗೆ ಇಳಿಯಿತು. ಅಂಕಿ ಕೇಳಿದ ಮೇಲೆ ಮಾವನವರ ನೋಟವೇ ಬದಲಾಗುತ್ತದೆ. ಅಲ್ಲಿಯವರೆಗೆ ಅವರಿಗೆ ಅದು ಬರಿಯ ಅಲಂಕಾರ, ಈಗ ಇಲಾಖೆಯ ವಿಷಯ. "ಭೇಷ್! ಇದನ್ನ ಒಪ್ಕೋಬೇಕು" ಎಂದು ಮಂಕಿ ಕ್ಯಾಪನ್ನು ಕಿವಿಯಿಂದ ಸ್ವಲ್ಪ ಮೇಲೆ ಸರಿಸಿ, ಮರವನ್ನು ಮೊದಲ ಸಲ ನೆಟ್ಟಗೆ ನೋಡುತ್ತಾರೆ.

ಯಜಮಾನರಿಗೆ ಇದಕ್ಕಿಂತ ಇಷ್ಟವಾದ ಸಂಗತಿ ಇನ್ನೊಂದಿದೆ. ಜನವರಿಯಲ್ಲಿ ಇಳಿಸಿದ ಮರ ಕಸವಾಗುವುದಿಲ್ಲ. ಅದನ್ನು ಹಲಗೆ ಕೊಯ್ದು, 2007ರಿಂದ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಎಂಬ ಸಂಸ್ಥೆಗೆ ಮನೆ ಕಟ್ಟಲು ಕೊಡುತ್ತಾರೆ. "ಏನೂ ವೇಸ್ಟ್ ಇಲ್ಲ!" ಎನ್ನುವಾಗ ಅವರ ದನಿ ಗದ್ಗದವಾಗುತ್ತದೆ. ಇಲ್ಲಿ ಮೊದಲ ಮರ ನಿಂತದ್ದು 1931ರಲ್ಲಿ. ಆಗಿನ ಆರ್ಥಿಕ ಮುಗ್ಗಟ್ಟಿನಲ್ಲಿ, ಈ ಕಟ್ಟಡ ಕಟ್ಟುತ್ತಿದ್ದ ಕೂಲಿಯವರು ತಮ್ಮತಮ್ಮಲ್ಲೇ ಕಾಸು ಹಾಕಿ ತಂದ 20 ಅಡಿಯ ಮರ ಅದು. ಅದರ ಪಕ್ಕದಲ್ಲಿ ಅವರು ಸಂಬಳಕ್ಕೆ ಸಾಲು ನಿಂತಿರುವ ಫೋಟೋ ಇದೆ. "ಸಂಬಳ ಪೂರ್ತಿ ಕೊಟ್ರಂತಾ?" ಎಂದು ಮಾವನವರು ವಿಚಾರಿಸುತ್ತಾರೆ. ಯೂನಿಯನ್ನಿನಲ್ಲೂ ಇದ್ದವರು.

ಮಕ್ಕಳಿಗೆ ಬೇಕಾದದ್ದು ಯೂನಿಟ್ಟೂ ಅಲ್ಲ, ಯೂನಿಯನ್ನೂ ಅಲ್ಲ. ಗೂಬೆ. 2020ರಲ್ಲಿ ತಂದ ಮರದ ಕೊಂಬೆಯೊಳಗೆ ಅಂಗೈಯಷ್ಟು ಪುಟ್ಟ ಗೂಬೆಯೊಂದು ಸಿಕ್ಕಿಕೊಂಡು ನ್ಯೂಯಾರ್ಕಿನವರೆಗೆ ಬಂದುಬಿಟ್ಟಿತ್ತು. ಅದಕ್ಕೆ ರಾಕ್‌ಫೆಲರ್ ಎಂದು ಹೆಸರಿಟ್ಟು, ಉಪಚಾರ ಮಾಡಿ ಮತ್ತೆ ಕಾಡಿಗೆ ಬಿಟ್ಟರು. ಸ್ಕೂಲಿನಲ್ಲಿ ಈ ಕಥೆ ಓದಿರುವ ಮಗ "ಈ ಸಲಾನೂ ಇರ್ಬೋದು" ಎಂದು ತಂಗಿಗೆ ಆಸೆ ಹುಟ್ಟಿಸಿದ್ದಾನೆ. ಇಬ್ಬರೂ ಐವತ್ತು ಸಾವಿರ ದೀಪಗಳ ಸಂದಿಯಲ್ಲಿ ಕತ್ತಲೆ ಇರುವ ಜಾಗ ಹುಡುಕುತ್ತಿದ್ದಾರೆ.

ಈಗ ಫೋಟೋ. ಮೂರೂವರೆ ಅಡಿಯ ಮಗಳೂ ಎಪ್ಪತ್ತು ಅಡಿ ಮೇಲಿನ ನಕ್ಷತ್ರವೂ ಒಂದೇ ಚೌಕಟ್ಟಿನಲ್ಲಿ ಬರಬೇಕು. ಯಜಮಾನರು ಬಗ್ಗುತ್ತಾರೆ, ಮಂಡಿಯೂರುತ್ತಾರೆ, ಕೊನೆಗೆ ನ್ಯೂಯಾರ್ಕಿನ ಕಾಲುದಾರಿಯ ಮೇಲೆ ಅಂಗಾತ ಮಲಗುತ್ತಾರೆ. ಅಟ್ಲಾಂಟಿಕ್ ದಾಟಿ ಬಂದ ಪ್ರವಾಸಿಗಳು ಅವರನ್ನು ದಾಟಿ ಹೋಗುತ್ತಾರೆ. ನಕ್ಷತ್ರ ಬಂದರೆ ಮಗಳ ಕಣ್ಣು ಮುಚ್ಚಿರುತ್ತದೆ, ಮಗಳ ಕಣ್ಣು ತೆರೆದರೆ ಮಗ ಗೂಬೆ ಹುಡುಕುತ್ತಿರುತ್ತಾನೆ. ಎಲ್ಲ ಸರಿಹೋಗಿ, ಎಲ್ಲರೂ ಹಲ್ಲು ಬಿಟ್ಟು, ಬೆರಳು ಗುಂಡಿಯ ಮೇಲೆ ಇಳಿಯುವ ಕ್ಷಣದಲ್ಲಿ ಮಗಳು ಹೇಳುತ್ತಾಳೆ: "ಅಪ್ಪಾ, ಬಾತ್‌ರೂಮ್."

ಆಮೇಲೆ ನಡೆದದ್ದು ಓಟ. ಹತ್ತಿರದ ಕಾಫಿ ಅಂಗಡಿಯಲ್ಲಿ ಏನಾದರೂ ಕೊಂಡವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಎರಡು ಹಾಟ್ ಚಾಕಲೇಟ್ ಕೊಳ್ಳಲೇಬೇಕಾಯಿತು. ಮಾವನವರು ಬೆಲೆಯನ್ನು ರೂಪಾಯಿಗೆ ತಿರುಗಿಸಿ, ಆ ದುಡ್ಡಿಗೆ ಮೈಸೂರಿನಲ್ಲಿ ಎಷ್ಟು ಮಸಾಲೆ ದೋಸೆ ಬರುತ್ತದೆಂದು ಗುಣಿಸಿ, ಉತ್ತರ ಜೋರಾಗಿ ಹೇಳಿದರು. ಯಜಮಾನರ ಹಾಳೆ ಕೆಂಪಾಯಿತು. ಆದರೂ ಮಕ್ಕಳು ಬಾಯಿಗೆಲ್ಲ ಕಂದು ಮೀಸೆ ಬಳಿದುಕೊಂಡು ಕುಡಿದದ್ದನ್ನು ನೋಡಿ, ಕೊನೆಯ ಗುಟುಕು ತಾವೂ ಕುಡಿದರು. ದುಡ್ಡು ಕೊಟ್ಟದ್ದು ವೇಸ್ಟ್ ಆಗಬಾರದಲ್ಲ.

ಇಲ್ಲಿಗೆ ಯಾತ್ರೆ ಮುಗಿಯಿತು ಎಂದುಕೊಂಡರೆ ನಿಮಗೆ ಅವರ ಪರಿಚಯವಿಲ್ಲ. ಮ್ಯಾನ್‌ಹಟನ್ ಎಲ್ಲರೂ ನೋಡುವ ದೀಪ. ಬಲ್ಲವರು ಬ್ರೂಕ್ಲಿನ್ನಿನ ಡೈಕರ್ ಹೈಟ್ಸಿಗೆ ಹೋಗಬೇಕು. ಅದು 11ರಿಂದ 13ನೇ ಅವೆನ್ಯೂ, 83ರಿಂದ 86ನೇ ಬೀದಿಯ ನಡುವಿನ ವಸತಿ ಬಡಾವಣೆ. ಇಟಲಿ ಮೂಲದವರು ಹೆಚ್ಚಾಗಿದ್ದ ಈ ಜಾಗದಲ್ಲಿ 1980ರ ದಶಕದಲ್ಲಿ ಶುರುವಾದ ಮನೆ ಅಲಂಕಾರದ ಚಾಳಿ ಈಗ ಊರಿನ ಜಾತ್ರೆಯಾಗಿದೆ. ಮನೆಯ ಮುಂದೆ ಆಳೆತ್ತರ ಮೀರಿದ ಆಟಿಕೆ ಸೈನಿಕರು, ಚಾವಣಿಯ ಮೇಲೆ ಜಿಂಕೆ ಗಾಡಿ, ಹುಲ್ಲಿನ ಮೇಲೆ ತಲೆಯಾಡಿಸುವ ಸಾಂಟಾ. ಕೆಲವರು ಅಲಂಕಾರಕ್ಕೆ ಗುತ್ತಿಗೆದಾರರನ್ನೇ ಕರೆಸುತ್ತಾರೆ. ಇಲ್ಲಿಗೆ ದಟ್ಟಣೆ ಶುಲ್ಕವಿಲ್ಲವೆಂದು ಯಜಮಾನರು ಇನ್ನೊಂದು ಸಂಜೆ ಧೈರ್ಯವಾಗಿ ಕಾರು ತೆಗೆಯುತ್ತಾರೆ. ಸ್ಟಾಟನ್ ದ್ವೀಪಕ್ಕೆ ಹತ್ತುವ ಸೇತುವೆಗೊಂದು ಟೋಲು, ಅಲ್ಲಿಂದ ಬ್ರೂಕ್ಲಿನ್ನಿಗೆ ದಾಟುವ ವೆರಝಾನೊ ಸೇತುವೆಗೆ ಇನ್ನೊಂದು. ಎರಡನೆಯದರ ಮೇಲೆ ಅವರು ಮಾತಾಡುವುದಿಲ್ಲ.

ಡೈಕರ್ ಹೈಟ್ಸಿನಲ್ಲಿ ಮಾವನವರು ಉತ್ಸಾಹ ತಾಳಲಾರದೆ "ಇವರ ಸ್ಯಾಂಕ್ಷನ್ಡ್ ಲೋಡ್ ಎಷ್ಟಿದ್ದೀತು?" ಎಂದು ಒಂದು ಮನೆಯ ಪಕ್ಕದ ಓಣಿಗೆ ನುಗ್ಗಿ ಮೀಟರ್ ಹುಡುಕಲು ಹೊರಟರು. "ಅಪ್ಪಾ, ಇದು ಅಮೆರಿಕ! ಕಂಡೋರ ಕಾಂಪೌಂಡಿಗೆ ಹೋಗ್ಬಾರ್ದು!" ಎಂದು ಮನೆಯೊಡತಿ ತಂದೆಯ ಕೋಟಿನ ತುದಿ ಹಿಡಿದು ಎಳೆದು ತಂದರು. ಯಜಮಾನರು ಮಾತ್ರ ಆ ಮನೆಯ ಮುಂದೆ ಕೈಕಟ್ಟಿ ನಿಂತಿದ್ದರು. ಯಾರದೋ ಮಕ್ಕಳು ಬಂದು ನೋಡಲಿ ಎಂದು ತಮ್ಮ ಮೀಟರ್ ಓಡಿಸುವ ಮನುಷ್ಯರೂ ಈ ಭೂಮಿಯ ಮೇಲಿದ್ದಾರೆ ಎಂಬುದು ಅವರ ಬುದ್ಧಿಗೆ ನಿಲುಕದ ವಿಷಯ. ಕಂಪನಿಯ ಮರಕ್ಕೆ ಕಂಪನಿಯ ಲೆಕ್ಕವಿರುತ್ತದೆ. ಇದು ಯಾವ ಲೆಕ್ಕ?

ಆಗ ಮಗಳು ಕೇಳಿದ್ದು: "ಅಪ್ಪಾ, ನಮ್ಮನೆ ಲೈಟ್ ಯಾಕೆ ಎಂಟಕ್ಕೇ ಆಫ್ ಆಗುತ್ತೆ?"

"ಅದು... ಅದಕ್ಕೂ ನಿದ್ದೆ ಬೇಡ್ವಾ ಪುಟ್ಟಾ?"

"ಈ ಮನೆದಕ್ಕೆ ಬೇಡ್ವಾ?"

ಮಾವನವರು ಅಳಿಯನ ಪರ ವಹಿಸುವ ಸಂದರ್ಭ ಅಪರೂಪ. ಅಂದೂ ವಹಿಸಲಿಲ್ಲ. ಹೆಂಡತಿ ಎದುರುಮನೆಯ ಸಾಂಟಾನನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

ಇದರ ಫಲ ಡಿಸೆಂಬರ್ 26ರ ಬೆಳಗ್ಗೆ ಕಾಣುತ್ತದೆ. ಕ್ರಿಸ್‌ಮಸ್ಸಿನ ಮರುದಿನ ಅಂಗಡಿಗಳಲ್ಲಿ ಉಳಿದ ದೀಪದ ಸರಗಳು ಅರ್ಧ ಬೆಲೆಗೆ ಬರುತ್ತವೆ. ಬಾಗಿಲು ತೆಗೆಯುವ ಮುಂಚೆಯೇ ಸಾಲಿನಲ್ಲಿ ನಿಂತವರ ಮುಖ ನೋಡಿ: ಅರ್ಧಕ್ಕರ್ಧ ನಮ್ಮವರೇ. ಯಾರೂ ಯಾರನ್ನೂ ಗುರುತಿಸದವರಂತೆ ನಿಂತಿರುತ್ತಾರೆ. ಬರುವ ದೀಪಾವಳಿಗೆ ಹತ್ತು ತಿಂಗಳು ಮುಂಚೆಯೇ ಸರಂಜಾಮು ಗ್ಯಾರೇಜು ಸೇರುತ್ತದೆ. ಕೆಂಪು-ಹಸಿರಿನ ಪೆಟ್ಟಿಗೆಗಳನ್ನು ಬಿಟ್ಟು ಬೆಚ್ಚನೆಯ ಬಿಳಿಯವನ್ನು ಆರಿಸುವುದರಲ್ಲಿ ಯಜಮಾನರದು ಎತ್ತಿದ ಕೈ. ಬಿಳಿ ಎಲ್ಲ ಹಬ್ಬಕ್ಕೂ ಆಗುತ್ತದೆ. ಈ ಸಲ ಎರಡು ಪೆಟ್ಟಿಗೆ ಹೆಚ್ಚಿಗೆ ಕೊಂಡರಂತೆ. ಟೈಮರ್ ಕೂಡ ಎಂಟರಿಂದ ಒಂಬತ್ತಕ್ಕೆ ಹೋಗಿದೆ. ಮಾವನವರು ಆ ಒಂದು ಗಂಟೆಗೆ ತಿಂಗಳಿಗೆ ತಗಲುವ ಯೂನಿಟ್ ಲೆಕ್ಕ ಹಾಕಿಕೊಟ್ಟು, "ಒಂದು ಯೂನಿಟ್ಟೂ ಆಗೋದಿಲ್ಲ, ಉರಿಸಿ" ಎಂದು ಮಂಜೂರಾತಿ ಕೊಟ್ಟ ಮೇಲೆ.

ಇಂಥ ಯಜಮಾನರು ನಿಮ್ಮ ಬಡಾವಣೆಯಲ್ಲೂ ಇರುತ್ತಾರೆ. ಡಿಸೆಂಬರಿನಲ್ಲಿ ಅವರ ಫೋನ್ ಬಂದರೆ ನೆಪ ಹೇಳಬೇಡಿ, ಮಕ್ಕಳನ್ನು ಕರೆದುಕೊಂಡು ಹೊರಡಿ. ಊಟ ಮನೆಯಲ್ಲೇ ಮುಗಿಸಿ, ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕಿ, ಕೊಟ್ಟ ಟೋಪಿಯನ್ನು ಮರುಮಾತಾಡದೆ ತೊಡಿ. ಮಕ್ಕಳು ಬೇಡವೆಂದರೂ ಬ್ರಯಂಟ್ ಪಾರ್ಕಿನಲ್ಲಿ ಒಳಗೆ ಕಳಿಸಿ. ಎಡಿಸನ್ನನ ಕಥೆಯನ್ನು ಹೊಸದಾಗಿ ಕೇಳುವವರ ಹಾಗೆ ಕೇಳಿ. ಲೆಕ್ಕ ನೋಡಿ ನಗಬೇಡಿ. ಕೊರೆಯುವ ಚಳಿಯಲ್ಲಿ ನಿದ್ದೆಗೆ ಜಾರಿದ ಮಗುವನ್ನು ಹೆಗಲ ಮೇಲೆ ಹೊತ್ತು 49ನೇ ಬೀದಿಯಿಂದ ಪೆನ್ ಸ್ಟೇಷನ್ನಿನವರೆಗೆ ನಡೆಯುವವರು ಅವರೇ. ಅದಕ್ಕೆ ಮಾತ್ರ ಅವರು ಯಾವ ಕಾಲಮ್ಮೂ ಇಟ್ಟಿಲ್ಲ.